ಏಡಿಬಂಡಿಯ ಏಳನೆಯ ನಾಲಿಗೆ

ಏಡಿಬಂಡಿ ಮೊದಲು ಹುಟ್ಟಿದ್ದು ಮಕ್ಕಳ ಧಾರಾವಾಹಿಯೊಂದರಲ್ಲಿ. ಶನಿಯ ಉಪಗ್ರಹವೊಂದರ ಹಿಮದ ಮೇಲೆ ಎಂಟು ಕಾಲಿನಲ್ಲಿ ಅಡ್ಡಡ್ಡ ನಡೆಯುವ, ಶತ್ರುಗಳು ಹಿಂದಿನಿಂದ ಹಿಡಿದರೆ ತನ್ನ ಹಿಂಭಾಗವನ್ನೇ ಕಳಚಿಟ್ಟು ಓಡಿಹೋಗುವ ಕಿತ್ತಳೆ ಬಣ್ಣದ ಬಂಡಿ ಅದು. ಅದನ್ನು ನೋಡುತ್ತ ಬೆಳೆದ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ ಎಂಜಿನಿಯರುಗಳಾದರು. ಚಂದ್ರನ ದಕ್ಷಿಣ ಧ್ರುವದಲ್ಲಿ ನೆಲೆ ಕಟ್ಟುವ ಹೊತ್ತಿಗೆ ಅವರಿಗೊಂದು ತೊಡಕು ಎದುರಾಯಿತು. ಅಲ್ಲಿಯ ಧೂಳು ನಟ್ಟು ಬೋಲ್ಟುಗಳ ಸಂದಿಗೆ ಹೊಕ್ಕರೆ ಕಚ್ಚಿಕೊಂಡುಬಿಡುತ್ತಿತ್ತು; ದಪ್ಪ ಕೈಗವಸು ತೊಟ್ಟವರು ಸ್ಪ್ಯಾನರ್ ತಿರುಗಿಸುವುದಂತೂ ದೂರದ ಮಾತು. ಆಗ ಯಾರೋ ಕೇಳಿದರು: ಆಟಿಕೆಯ ಕಿಟ್ಟಿನ ಹಾಗೆ, ತಿರುಪಿಲ್ಲದೆ, ಅಂಟಿಲ್ಲದೆ, ಭಾಗಕ್ಕೆ ಭಾಗ ಒತ್ತಿದರೆ ಟಕ್ಕೆಂದು ಕೂತುಬಿಡುವ ಬಂಡಿಯನ್ನೇ ಮಾಡಿದರೆ? ಹಾಗೆ ಏಡಿಬಂಡಿ ಪರದೆಯಿಂದಿಳಿದು ಚಂದ್ರನ ಮೇಲೆ ನಡೆಯತೊಡಗಿತು.

ಜಯಶೀಲಾ ಆ ಟಕ್ಕಿನ ಎಂಜಿನಿಯರು. ಚಳ್ಳಕೆರೆಯಾಚೆ ಹುಲ್ಲುಗಾವಲಿನ ನಡುವೆ ಎದ್ದ ನಿಯಂತ್ರಣ ಕೇಂದ್ರದಲ್ಲಿ ಜೋಡಣೆ ವಿಭಾಗ ಅವಳದು. ಬಂಡಿಯ ಮುಂಗೂಡು, ಹಿಂಗೂಡು ಎಂಬ ಎರಡು ಕೋಣೆಗಳನ್ನು ಒಂದಕ್ಕೊಂದು ಕಚ್ಚಿಸಿ ಹಿಡಿದದ್ದು ಮುಂಗೂಡಿನ ಅಂಚಿನಲ್ಲಿ ಬಳೆಯ ಹಾಗೆ ಸುತ್ತ ಬೆಳೆದ ಹನ್ನೆರಡು ಪ್ಲಾಸ್ಟಿಕ್ ನಾಲಿಗೆಗಳು. ಹಿಂಗೂಡಿನ ಒಳಗಿನಿಂದ ನಾಲಿಗೆಯನ್ನು ಒತ್ತಿದರೆ ಬಾಗಿ, ತಾನು ಕಚ್ಚಿದ್ದ ಹಿಂಗೂಡಿನ ತೂತಿನಿಂದ ಹೊರಬರುತ್ತಿತ್ತು. ಬಿಟ್ಟರೆ ಮತ್ತೆ ಕೂರುತ್ತಿತ್ತು. ನಾಲಿಗೆ ಎಷ್ಟು ಬಾಗಬಹುದು, ಎಲ್ಲಿಗೆ ಬಂದರೆ ಬಿಳಿಚಿಕೊಂಡು ಮುರಿಯುತ್ತದೆ ಎಂದು ನೋಡುವುದರಲ್ಲೇ ಅವಳ ಹರೆಯ ಕಳೆದಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅವ್ವ ರೇಗುತ್ತಿದ್ದುದು ಇದಕ್ಕೇ. ತಂಗಿ ಅನಸೂಯಾ ಬೇರೆ ದಾರಿ ಹಿಡಿದಿದ್ದಳು. ಅಕ್ಕ ಜೋಡಿಸಿದ ಬಂಡಿಯನ್ನು ಅವಳು ಓಡಿಸುತ್ತಿದ್ದಳು, ಚಂದ್ರನ ಮೇಲೆ.

ಧ್ರುವದ ಹತ್ತಿರ ಬಿಸಿಲೇ ಕಾಣದ ಒಂದು ಕುಳಿ ಇತ್ತು. ಚಳ್ಳಕೆರೆ ಸೀಮೆಯಲ್ಲಿ ಜೋಳ ತುಂಬಿಡುವ ನೆಲದೊಳಗಿನ ಕಣಜಕ್ಕೆ ಹಗೇವು ಎನ್ನುತ್ತಾರೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಒಳಗೆ ಕಗ್ಗತ್ತಲೆ. ಆ ಕುಳಿಗೂ ಅನಸೂಯಾ ಅದೇ ಹೆಸರಿಟ್ಟಿದ್ದಳು. ಅದರ ತಳದಲ್ಲಿ ಹಳೆಯ ಮಂಜುಗಡ್ಡೆ ಇದೆಯೆಂದು, ಅದನ್ನು ತರಲು ಅವಳೂ ಭೂವಿಜ್ಞಾನಿ ಪುಷ್ಪದಂತನೂ ಏಡಿಬಂಡಿಯಲ್ಲಿ ಇಳಿದರು. ಮರಳಿ ಹತ್ತುವಾಗ ಇಳಿಜಾರಿನ ನೆಲ ಕುಸಿಯಿತು. ಹಿಂಗೂಡು ಬಿರುಕೊಂದರೊಳಗೆ ಜಾರಿ ಸಿಕ್ಕಿಕೊಂಡಿತು. ಅದರ ನಾಲ್ಕು ಕಾಲುಗಳೂ ಮುರಿದವು. ಒಳಗೆ ಮಂಜಿನ ಪೆಟ್ಟಿಗೆಗಳನ್ನು ಕಟ್ಟುತ್ತಿದ್ದ ಪುಷ್ಪದಂತನ ಕಾಲ ಮೇಲೆ ಒಂದು ಪೆಟ್ಟಿಗೆ ಬಿದ್ದು ಮೊಳಕಾಲಿಂದ ಕೆಳಗೆ ಎಲುಬು ಮುರಿಯಿತು. ಮುಂಗೂಡು ಮಾತ್ರ ತನ್ನ ನಾಲ್ಕು ಕಾಲುಗಳಿಂದ ಇಳಿಜಾರನ್ನು ತಬ್ಬಿ ನಿಂತಿತ್ತು. ಮುಂಗೂಡಿಗೆ ಕಟ್ಟಿದ್ದ ಎಳೆಯುವ ಹಗ್ಗವೂ ಹಿಂಗೂಡಿನ ಅಡಿಗೆ ಸಿಕ್ಕಿ ಬಂಡೆಗೆ ಅಮುಕಿಹೋಗಿತ್ತು.

ಸುದ್ದಿ ಬಂದ ಬೆಳಿಗ್ಗೆ ಕೇಂದ್ರದ ನಿರ್ದೇಶಕ ಮೊಂತೇರೊ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದರು. ನೆಲೆಯಲ್ಲಿದ್ದ ಇನ್ನೊಂದು ಬಂಡಿ ಹೊರಟು ಬಂದು ಸೇರುವಷ್ಟರಲ್ಲಿ ಇವರ ಗಾಳಿ ಮುಗಿದಿರುತ್ತದೆ. ಮೈಗವಸಿನ ಗಾಳಿ ಕೆಲವೇ ತಾಸಿನದು, ಅದನ್ನು ನಂಬಿ ನಡೆದು ನೆಲೆ ಮುಟ್ಟುವ ಹಾಗಿಲ್ಲ. ಇರುವುದೊಂದೇ ಉಪಾಯ: ಹಿಂಗೂಡನ್ನು ಅಲ್ಲೇ ಕಳಚಿ ಬಿಟ್ಟು, ಮುಂಗೂಡು ತನ್ನ ನಾಲ್ಕು ಕಾಲಿನಲ್ಲಿ ಹತ್ತಿ ಬರಬೇಕು.

"ಕಳಚಬಹುದಾ, ಜಯಶೀಲಾ?" ಎಂದು ಅವರು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲಿಗೆಗಳನ್ನು ಕಳಚುವುದು ನೆಲೆಯ ಬಿಸಿಲಿನಲ್ಲಿ, ಪ್ಲಾಸ್ಟಿಕ್ ಬೆಚ್ಚಗಿದ್ದಾಗ ಮಾಡುವ ಕೆಲಸ. ಹಗೇವಿನ ಚಳಿಯಲ್ಲಿ ಅದೇ ಪ್ಲಾಸ್ಟಿಕ್ ಗಾಜಾಗುತ್ತದೆ. ನಾಲಿಗೆಯ ತುದಿ ಮುರಿದರೆ ಚಿಂತೆಯಿಲ್ಲ. ಬುಡದಲ್ಲಿ ಮುರಿದು ಸೀಳು ಮುಂಗೂಡಿನ ಗೋಡೆಗೆ ಹರಿದರೆ ಗಾಳಿಯೆಲ್ಲ ಸೋರಿ, ಇಬ್ಬರೂ ದಾರಿಯಲ್ಲೇ ಸಾಯುತ್ತಾರೆ. ಹನ್ನೆರಡನ್ನೂ ಕಾಯಿಸಿ ಕಳಚೋಣವೆಂದರೆ ಬ್ಯಾಟರಿ ಅದಕ್ಕೇ ತೀರಿ, ಹತ್ತಲು ಏನೂ ಉಳಿಯುವುದಿಲ್ಲ. ಪ್ರಯೋಗ ಮಾಡಿ ನೋಡಲು ಭೂಮಿಯ ಮೇಲೆ ಅಂಥ ಇನ್ನೊಂದು ಬಂಡಿಯೂ ಇರಲಿಲ್ಲ. ಇಲ್ಲಿ ಓಡಿಸಿ ನೋಡಿದ್ದು ಬೇರೆ ಪ್ಲಾಸ್ಟಿಕ್ಕಿನದು.

"ಆಟಿಕೆ ಇದೆಯಲ್ಲ," ಎಂದರು ಮೊಂತೇರೊ.

ಬಂಡಿಯ ಭಾಗಗಳನ್ನು ಎರಕ ಹೊಯ್ದು ಮಿಕ್ಕ ಪ್ಲಾಸ್ಟಿಕ್ಕಿನಿಂದ ಕೇಂದ್ರದವರು ಅಂಗೈ ಮೇಲೆ ಕೂರುವಷ್ಟು ಚಿಕ್ಕ ಏಡಿಬಂಡಿಯ ಕಿಟ್ಟು ಮಾಡಿಸಿ, ಶಾಲೆಗಳಿಗೂ ನೋಡಲು ಬಂದವರಿಗೂ ಹಂಚಿದ್ದರು. ಜಯಶೀಲಾಗೆ ಮೈಯುರಿಯಿತು. ಅದು ಮಕ್ಕಳ ಸಾಮಾನು ಸರ್, ಅದರ ಮೇಲೆ ಪ್ರಾಣ ಇಡಲಿಕ್ಕಾಗುತ್ತದೆಯೇ ಎಂದು ಗಟ್ಟಿಯಾಗಿಯೇ ಅಂದಳು. ಅಂದವಳು ಬಾಗಿಲವರೆಗೆ ಹೋಗಿ ನಿಂತಳು. ನಾಲಿಗೆ ಬಾಗುವಾಗ ಪ್ಲಾಸ್ಟಿಕ್ಕಿನ ಮೇಲೆ ಬೀಳುವ ಎಳೆತ ಅದರ ಉದ್ದಕ್ಕೂ ದಪ್ಪಕ್ಕೂ ಇರುವ ಅನುಪಾತದ ಮೇಲೆ ನಿಂತಿದೆಯೇ ಹೊರತು ಗಾತ್ರದ ಮೇಲಲ್ಲ. ಆಕಾರ ಒಂದೇ ಇದ್ದರೆ ಆನೆಯ ನಾಲಿಗೆಯೂ ಇರುವೆಯ ನಾಲಿಗೆಯೂ ಒಂದೇ ಕಷ್ಟ ಪಡುತ್ತವೆ. ವಸ್ತು ಅದೇ, ಹೊಯ್ದ ಅಚ್ಚೂ ದೊಡ್ಡ ಅಚ್ಚಿನದೇ ಚಿಕ್ಕ ಪ್ರತಿ.

ಅವಳು ಉಗ್ರಾಣದಿಂದ ಒಂದು ಕಿಟ್ಟು ತರಿಸಿಕೊಂಡಳು.

ಪೆಟ್ಟಿಗೆಯ ಮುಚ್ಚಳದ ಮೇಲೆ ಹಿಮದಲ್ಲಿ ಓಡುವ ಬಂಡಿಯ ಚಿತ್ರ. ಒಳಗೆ ಕಿತ್ತಳೆ, ಬೂದು ಬಣ್ಣದ ಭಾಗಗಳು ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡೇ ಇದ್ದವು, ಕಿಟಕಿಗಳು ಪಾರದರ್ಶಕ. ಕತ್ತರಿ ಬೇಡ, ಬೆರಳಲ್ಲಿ ತಿರುಚಿದರೆ ಭಾಗ ಕೈಗೆ ಬರುತ್ತಿತ್ತು. ಕಾಲಿನ ಕೀಲುಗಳು ಸಡಿಲ, ಎರಡನೆಯ ಕಾಲು ಸುಮ್ಮನೆ ಜೋಲುತ್ತದೆ, ಅದು ಬೇಕಿಲ್ಲ. ಕಿಟಕಿಯ ಅಂಚಿನಲ್ಲಿ ಸಂದು ಬಿಟ್ಟಿದೆ, ಅದೂ ಬೇಕಿಲ್ಲ. ಎರಡು ಗೂಡುಗಳ ನಡುವಿನ ಬಳೆಯನ್ನು ಭೂತಗನ್ನಡಿಯಡಿ ಹಿಡಿದು ಬಹಳ ಹೊತ್ತು ನೋಡಿದಳು. ನಾಲಿಗೆಗಳು ಹನ್ನೆರಡೂ ಇದ್ದವು, ಉದ್ದ ದಪ್ಪದ ಲೆಕ್ಕ ಸರಿಯಾಗಿತ್ತು. ಪ್ಲಾಸ್ಟಿಕ್ ಅಚ್ಚಿನೊಳಗೆ ಎರಡು ಕಡೆಯಿಂದ ಹರಿದು ಬಂದು ಕೂಡುವಲ್ಲಿ ಕೂದಲಿನಂಥ ಗೆರೆ ಬೀಳುತ್ತದೆ. ಆ ಗೆರೆ ಕೂಡ ದೊಡ್ಡ ಬಂಡಿಯಲ್ಲಿದ್ದಲ್ಲೇ, ಏಳನೆಯ ನಾಲಿಗೆಯ ಬುಡದಲ್ಲಿತ್ತು. ಸುಳ್ಳು ಇದ್ದದ್ದು ಒಂದೇ ಕಡೆ. ಗೂಡಿನ ಗೋಡೆ ಇರಬೇಕಾದ್ದಕ್ಕಿಂತ ದಪ್ಪ. ಅಷ್ಟು ತೆಳುವಾಗಿ ಹೊಯ್ಯಲು ಚಿಕ್ಕ ಅಚ್ಚಿನಲ್ಲಿ ಆಗುವುದಿಲ್ಲ. ದಪ್ಪ ಗೋಡೆ ಸೀಳನ್ನು ತಡೆದು ನಿಲ್ಲಿಸಿ, ಎಲ್ಲ ಚೆನ್ನಾಗಿದೆ ಎಂದು ಮೋಸ ಮಾಡುತ್ತದೆ.

ಗೋಡೆಗಳನ್ನು ಒಳಗಿನಿಂದ ಉಜ್ಜಿ ತೆಳುಮಾಡಬೇಕು ಎಂದು ತನ್ನ ಜೊತೆಗಾರ ಕೊಟ್ರೇಶನಿಗೆ ಹೇಳಿದಳು. ಉಪ್ಪುಕಾಗದ ಹಿಡಿದು ಅವನು ಕೂತ. ಇನ್ನೊಂದು ಮಾತು ಆಮೇಲೆ ಹೊಳೆಯಿತು. ಚಂದ್ರನ ಮೇಲಿನ ಬಂಡಿಯ ನಾಲಿಗೆಗಳು ವರ್ಷಗಟ್ಟಲೆ ಒತ್ತಿ ಹಿಡಿದು ದಣಿದಿವೆ. ಚೌಕಟ್ಟಿನಿಂದ ಈಗ ತಾನೆ ಕಿತ್ತ ಹೊಸ ನಾಲಿಗೆ ಅವುಗಳ ಕಷ್ಟ ಹೇಳಲಾರದು. ಬೇಕಾಗಿರುವುದು ಹೊಸ ಕಿಟ್ಟಲ್ಲ, ಯಾವತ್ತೋ ಜೋಡಿಸಿ ಮನೆಯಲ್ಲಿ ಇಟ್ಟುಬಿಟ್ಟ ಹಳೆಯ ಏಡಿಬಂಡಿಗಳು.

ಆಕಾಶವಾಣಿಯಲ್ಲಿ ಹೇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಕೇಂದ್ರದ ಗೇಟಿನ ಮುಂದೆ ಜನ ನೆರೆದರು. ಚಳ್ಳಕೆರೆಯ ಎಣ್ಣೆ ಗಾಣದವರು, ನಾಯಕನಹಟ್ಟಿಯ ಟೀಚರುಗಳು, ಹಿರಿಯೂರಿನಿಂದ ಬೈಕಿನಲ್ಲಿ ಬಂದ ದಂಪತಿ. ಒಬ್ಬರ ಕೈಯಲ್ಲಿ ಧೂಳು ಹಿಡಿದ ಬಂಡಿ, ಒಬ್ಬರದಕ್ಕೆ ಕಾಲೇ ಇಲ್ಲ, ಒಬ್ಬರು ತಮ್ಮದಕ್ಕೆ ಹಸಿರು ಬಣ್ಣ ಬಳಿದುಬಿಟ್ಟಿದ್ದೇವಲ್ಲ, ಆದೀತೋ ಇಲ್ಲವೋ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ಬಣ್ಣ ನಾಲಿಗೆಯನ್ನು ಕೆಡಿಸಿರುತ್ತದೆಂದು ಗೊತ್ತಿದ್ದೂ ಜಯಶೀಲಾ ಅದನ್ನು ತೆಗೆದುಕೊಂಡಳು.

ಬಂದ ಬಂಡಿಗಳಲ್ಲಿ ಬಹಳಷ್ಟು ಕೆಲಸಕ್ಕೆ ಬಾರದವು. ಮಕ್ಕಳು ಕಳಚಿ ಜೋಡಿಸಿ, ಕಳಚಿ ಜೋಡಿಸಿ, ನಾಲಿಗೆಗಳು ಮೊದಲೇ ಬಿಳಿಚಿಕೊಂಡಿದ್ದವು. ಒಮ್ಮೆ ಜೋಡಿಸಿದ ಮೇಲೆ ಯಾರೂ ಮುಟ್ಟದ ಬಂಡಿಗಳು ಬೇಕಾಗಿದ್ದವು. ಅಂಥದ್ದೊಂದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಜೀಪು ಹತ್ತಿ ಮನೆಗೆ ಹೋದಳು.

ಊರಿನಲ್ಲಿದ್ದ ಮನೆಯ ಜಗಲಿಯಲ್ಲಿ ಅವ್ವ ಒಬ್ಬಳೇ ಕೂತಿದ್ದಳು. ನೆರೆಯವರು ತಂದಿಟ್ಟ ಮಂಡಕ್ಕಿ ಒಗ್ಗರಣೆ ಹಾಗೇ ಇತ್ತು. ಅನಸೂಯಾ ಹೊರಡುವ ಮೊದಲು ಜೋಡಿಸಿ ಕೊಟ್ಟಿದ್ದ ಏಡಿಬಂಡಿ ದೇವರ ಗೂಡಿನ ಪಕ್ಕದಲ್ಲಿತ್ತು. ಅವ್ವ ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದಳೇ ಹೊರತು ಕಳಚಿದವಳಲ್ಲ. ಜಯಶೀಲಾ ಅದನ್ನು ಕೈಗೆತ್ತಿಕೊಂಡಾಗ ಅವ್ವ ಎದ್ದು ಬಂದು ಅವಳ ಮಣಿಕಟ್ಟು ಹಿಡಿದಳು. ಏನು ಮಾಡುತ್ತೀಯ ಎಂದು ಕೇಳಿದಳು. ಚಳಿಯಲ್ಲಿಟ್ಟು ಎಳೆದು ನೋಡಬೇಕು, ಮುರಿಯಬಹುದು ಎಂದಳು ಜಯಶೀಲಾ.

"ಅದೊಂದೇ ಐತೆ ಮನೇಲಿ ಅವಳು ಮುಟ್ಟಿದ್ದು."

"ಗೊತ್ತೈತೆ ಅವ್ವ."

ಅವ್ವ ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಬಿಟ್ಟ ಮೇಲೆ ಪುಷ್ಪದಂತನ ವಿಚಾರ ಎತ್ತಿದಳು. ಹೋಗುವ ಮೊದಲು ಆ ಹುಡುಗ ಮನೆಗೆ ಊಟಕ್ಕೆ ಬಂದಿದ್ದ. ಜೈನರವನು, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲವೆಂದು ಅವ್ವ ನಾಲ್ಕು ಗಂಟೆಗೇ ರೊಟ್ಟಿ ಬಡಿದಿದ್ದಳು. ಅಂಥ ಕಾಲು ನೋವಿನಲ್ಲಿ ಏನು ಮಾಡುತ್ತಿದ್ದಾನೋ, ಅವನ ಹೆಂಡತಿಗೆ ಯಾರಾದರೂ ಫೋನು ಮಾಡಿದರೋ ಇಲ್ಲವೋ ಎಂದಳು. ಮಾಡಿದ್ದಾರೆ, ಆಕೆ ಬೆಳಗಾವಿಯ ಕಡೆಯಿಂದ ಹೊರಟಿದ್ದಾಳೆ ಎಂದು ಹೇಳಿ ಜಯಶೀಲಾ ಜೀಪು ಹತ್ತಿದಳು.

ಪ್ರಯೋಗಾಲಯದಲ್ಲಿ ದ್ರವ ಸಾರಜನಕದ ತೊಟ್ಟಿಯಿಂದ ಹೊಗೆ ಏಳುತ್ತಿತ್ತು. ಆರಿಸಿ, ಕಿಟಕಿ ತೆಗೆದು ಗೋಡೆ ಉಜ್ಜಿದ ಬಂಡಿಗಳನ್ನು ಒಂದೊಂದಾಗಿ ಅದರ ಮೇಲಿನ ಚಳಿಯಲ್ಲಿ ತೂಗಿಬಿಟ್ಟು, ಹಗೇವಿನ ಶೀತಕ್ಕೆ ಬಂದ ಮೇಲೆ ಹಿಂಗೂಡನ್ನು ಚಿಮುಟಕ್ಕೆ ಕಚ್ಚಿಸಿ, ನಾಲಿಗೆಗಳನ್ನು ಸಣ್ಣ ಕಡ್ಡಿಯಿಂದ ಒತ್ತಿ ಕಳಚಿದರು. ಮೊದಲನೆಯದು ಚೂರಾಯಿತು. ಇನ್ನೂ ನಿಧಾನವಾಗಿ ಒತ್ತಬೇಕೆಂದು ಗೊತ್ತಾಯಿತು. ಎರಡನೆಯದರಲ್ಲಿ ನಾಲ್ಕು ನಾಲಿಗೆ ಬಿಟ್ಟುಕೊಂಡವು. ಹಾಗೇ ಕಲಿಯುತ್ತ ಹೋದರು. ಉಸಿರು ಬಿಗಿಹಿಡಿದು ಒತ್ತಿದರೆ ಹನ್ನೊಂದು ನಾಲಿಗೆಗಳು ಗಾಜಿನ ಚಳಿಯಲ್ಲೂ ಬಾಗಿ ಕಳಚಿಕೊಳ್ಳುತ್ತಿದ್ದವು. ಏಳನೆಯದು ಕಳಚುತ್ತಲೇ ಇರಲಿಲ್ಲ. ಬುಡದ ಗೆರೆಯಲ್ಲಿ ಮುರಿಯುತ್ತಿತ್ತು. ಕಾಯಿಸಿ ನೋಡಿದರು, ಆ ಗೆರೆ ಬಿಸಿಯಲ್ಲೂ ದುರ್ಬಲವೇ. ಅದನ್ನು ಕೊನೆಗೆ ಬಿಟ್ಟು, ಮುಂಗೂಡನ್ನು ಎಳೆದು ಮುರಿಸಿದರೆ ಅರ್ಧಕ್ಕರ್ಧ ಬಂಡಿಗಳಲ್ಲಿ ಸೀಳು ಸರಕ್ಕನೆ ಗೋಡೆಗೆ ಹರಿಯಿತು.

ಅವ್ವನ ಬಂಡಿಯ ಸರದಿ ಬಂದಾಗ ಕೊಟ್ರೇಶ ಬೇರೆಯೊಂದು ಮಾಡಿದ. ಮುಂಗೂಡನ್ನು ಎಳೆಯುತ್ತಿರುವಾಗಲೇ ಹಿಂಗೂಡಿನ ಒಳಗಿನಿಂದ ಏಳನೆಯ ನಾಲಿಗೆಯ ಬುಡವನ್ನು ಕಡ್ಡಿಯಿಂದ ಒತ್ತಿ ಹಿಡಿದ. ನಾಲಿಗೆ ತುದಿಯ ಕಡೆಗೆ ಮುರಿಯಿತು. ಗೋಡೆಗೆ ಕೂದಲೆಳೆಯಷ್ಟು ಬಿರುಕು ಬಿದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಇನ್ನೊಂದು ಬಂಡಿಯಲ್ಲಿ ಮಾಡಿದರು, ಮತ್ತೆ ಹಾಗೇ ಆಯಿತು.

ಕೊಟ್ರೇಶ ನಗುತ್ತ ಮುಖವೆತ್ತಿದವನು ಜಯಶೀಲಾಳ ಮುಖ ನೋಡಿ ನಗು ನಿಲ್ಲಿಸಿದ. ಕಡ್ಡಿಯ ಬದಲು ಅಲ್ಲಿ ಒಬ್ಬ ಮನುಷ್ಯ ಇರಬೇಕು. ಹಿಂಗೂಡಿನ ಒಳಗೆ, ಮೈಗವಸು ತೊಟ್ಟು, ಕಬ್ಬಿಣದ ಹಾರೆಯಿಂದ ಬುಡವನ್ನು ಒತ್ತಿ ಹಿಡಿದು, ನಾಲಿಗೆ ಮುರಿಯುವವರೆಗೂ ಬಿಡಬಾರದು. ಮುರಿದ ಕ್ಷಣ ಹಿಂಗೂಡು ಅವನ ಸಮೇತ ಬಿರುಕಿನೊಳಗೆ ಜಾರುತ್ತದೆ. ಎಳೆಯುವ ಹಗ್ಗ ಅಡಿಯಲ್ಲಿ ಸಿಕ್ಕಿಬಿದ್ದಿದೆ, ಮೈಗವಸಿನ ಸೊಂಟದ ಪಟ್ಟಿ ಗಿಡ್ಡದು. ಅದನ್ನು ಮುಂಗೂಡಿಗೆ ಕಟ್ಟಿಕೊಂಡರೆ ನಾಲಿಗೆಗೆ ಕೈ ಎಟುಕುವುದಿಲ್ಲ. ಮುಂಗೂಡನ್ನು ಓಡಿಸುವುದು ಕಾಲಿನ ಪೆಡಲುಗಳಿಂದ. ಕಾಲು ಮುರಿದವನು ಓಡಿಸಲಾರ.

ಹಾಗಾದರೆ ಹಿಂದೆ ಉಳಿಯುವವನು ಯಾರೆಂದು ಆಟಿಕೆಯೇ ಹೇಳಿಬಿಟ್ಟಿತ್ತು. ಮತ್ತು ಅದು ಗೊತ್ತಾದ ಗಳಿಗೆಯಲ್ಲಿ ಜಯಶೀಲಾಳ ಎದೆಯಲ್ಲಿ ಏನೋ ಸಡಿಲವಾಯಿತು, ಬಿಗಿಹಿಡಿದ ಉಸಿರು ಹೊರಬಂದಂತೆ. ಅನಸೂಯಾ ಬರುತ್ತಾಳೆ. ಆ ನೆಮ್ಮದಿಗೆ ಅವಳೇ ಹೆದರಿದಳು. ತಾನು ಬಂಡಿಯನ್ನು ಪರೀಕ್ಷಿಸಿದೆನೋ, ತಂಗಿಯನ್ನು ಆರಿಸಿಕೊಂಡೆನೋ? ಕೊಟ್ರೇಶನಿಗೆ ಉಳಿದ ಬಂಡಿಗಳನ್ನು ಕೊಟ್ಟು, ನಾನು ನೋಡುವುದಿಲ್ಲ, ಒಬ್ಬನೇ ಮೊದಲಿನಿಂದ ಮಾಡು, ಬೇರೆ ದಾರಿಯಿದ್ದರೆ ಹುಡುಕು ಎಂದು ಹೇಳಿ ಹೊರಗೆ ಬಂದಳು. ಹುಲ್ಲುಗಾವಲಿನ ಮೇಲೆ ಗಾಳಿ ಬೀಸುತ್ತಿತ್ತು. ದೂರದಲ್ಲಿ ಕೃಷ್ಣಮೃಗಗಳ ಹಿಂಡೊಂದು ಮೇಯುತ್ತಿತ್ತು. ಅವಳು ಗೋಡೆಗೆ ಒರಗಿ ನಿಂತಳು. ಕೊಟ್ರೇಶ ಬಾಗಿಲು ತೆರೆದು ಬಂದು, ಇಲ್ಲ ಎಂಬಂತೆ ತಲೆಯಾಡಿಸಿದ.

ನಿಯಂತ್ರಣ ಕೋಣೆಯಲ್ಲಿ ಮೊಂತೇರೊ ಅವಳ ಮಾತನ್ನು ಪೂರ್ತಿ ಕೇಳಿದರು. ಇದನ್ನು ಚಂದ್ರನ ಮೇಲಿರುವ ಇಬ್ಬರಿಗೂ ನಾನು ಹೇಳುತ್ತೇನೆ ಎಂದರು. ಬೇಡ, ನನ್ನ ಪರೀಕ್ಷೆ, ನಾನೇ ಹೇಳುತ್ತೇನೆ ಎಂದು ಅವಳು ಮೈಕಿನ ಮುಂದೆ ಕೂತಳು. ಎರಡು ದಾರಿಗಳನ್ನೂ ಹೇಳಿದಳು: ಯಾರೂ ಒತ್ತದಿದ್ದರೆ ಇಬ್ಬರೂ ಬದುಕುವುದು ಅರ್ಧ, ಇಬ್ಬರೂ ಸಾಯುವುದು ಅರ್ಧ. ಒತ್ತಿದರೆ ಮುಂಗೂಡು ಹೆಚ್ಚುಕಡಿಮೆ ಖಂಡಿತ ಉಳಿಯುತ್ತದೆ. ಒತ್ತಿದವರು ಉಳಿಯುವುದಿಲ್ಲ. ಹೇಳಿ ಮುಗಿಸಿದ ಮೇಲೆ ಮಾತು ಚಂದ್ರನಿಗೆ ಹೋಗಿ ಉತ್ತರ ಬರಲು ಎರಡು ಮೂರು ಕ್ಷಣ ಹಿಡಿಯಿತು.

"ಅಕ್ಕ," ಎಂದಳು ಅನಸೂಯಾ. "ಆಟದ ಸಾಮಾನು ಹೇಳಿದ್ದು ನಿಜಾನಾ?"

"ನನಗೆ ತಿಳಿದಷ್ಟು ನಿಜ. ಬಾಗೋದು ಒಂದೇ, ಆದ್ರೆ ಬಿರುಕು ಶುರುವಾದ್ರೆ ದೊಡ್ಡದು ಚಿಕ್ಕದಕ್ಕಿಂತ ಬೇಗ ಸೀಳ್ತೈತೆ. ಅರ್ಧ ಅಂದಿದ್ದು ಅರ್ಧಕ್ಕಿಂತ ಕಮ್ಮಿನೇ ಇರ್ಬೋದು."

ಹಾಗಾದರೂ ಇಬ್ಬರೂ ಒಟ್ಟಿಗೆ ಬರುವ ದಾರಿಯನ್ನೇ ಹಿಡಿಯುತ್ತೇವೆ ಎಂದು ಅನಸೂಯಾ ಶುರುಮಾಡಿದಳು. ಅವಳ ಮಾತಿನ ನಡುವೆ ಪುಷ್ಪದಂತನ ದನಿ ಬಂತು. ನೋವಿನಿಂದ ಸೊರಗಿದ್ದರೂ ಮಾತು ಸ್ಪಷ್ಟವಾಗಿತ್ತು.

"ಅಕ್ಕಾರ, ಪೆಡಲ್ ತುಳ್ಯಾಕ ನನ್ನ ಕಡೆ ಆಗಂಗಿಲ್ಲ. ಕೈ ಗಟ್ಟಿ ಅದಾವ, ಕಬ್ಬಿಣದ ಹಾರಿ ಹಿಡ್ಯಾಕ ಆಗತೈತಿ. ಇದರಾಗ ಕೇಳೂದೇನೈತಿ? ನನ್ನ ಮನಿಯಾಕಿ ಬಂದಾಳೇನು ಅಲ್ಲಿ?"

ಆಕೆ ಬಂದಿದ್ದಳು. ಪದ್ಮಾವತಿ ಎಂದು ಹೆಸರು. ದಾರಿಯುದ್ದಕ್ಕೂ ಅತ್ತು ಕಣ್ಣು ಬಾತಿದ್ದವು. ಕೋಣೆಯನ್ನು ಖಾಲಿ ಮಾಡಿ ಗಂಡ ಹೆಂಡಿರನ್ನು ಮಾತಾಡಲು ಬಿಟ್ಟರು. ಹೊರಬರುವಾಗ ಆಕೆ ಜಯಶೀಲಾಳನ್ನು ಹಾದುಹೋದಳು. ಬೈಯಲಿಲ್ಲ, ನೋಡಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಜಯಶೀಲಾಗೆ.

ಮರುದಿನ ಬೆಳಿಗ್ಗೆ ಕಳಚುವ ಕೆಲಸ ಶುರುವಾಯಿತು. ಎರಡು ಗೂಡುಗಳ ನಡುವಿನ, ಗಾಳಿ ಸೋರದ ಜೋಡಿಬಾಗಿಲು ಹಾಕುವ ಮುಂಚೆ ಅನಸೂಯಾ ಅವನ ಮೈಗವಸಿಗೆ ತನ್ನ ಪಾಲಿನ ಗಾಳಿಯ ಡಬ್ಬಿಯನ್ನೂ ಸಿಕ್ಕಿಸಿದಳು. ಯಾರೂ ಹೇಳಿರಲಿಲ್ಲ, ಯಾರೂ ತಡೆಯಲಿಲ್ಲ. ಜಯಶೀಲಾ ಒಂದೊಂದು ನಾಲಿಗೆಯ ಸಂಖ್ಯೆ ಹೇಳಿ, ಎಷ್ಟು ಒತ್ತಬೇಕು, ಎಲ್ಲಿ ಬೆಣೆ ಇಡಬೇಕು ಎನ್ನುತ್ತಿದ್ದಳು. ಪುಷ್ಪದಂತ ಬಿದ್ದಲ್ಲೇ ತೆವಳಿ, ಬಳೆಯ ಸುತ್ತ ಒಂದೊಂದನ್ನೇ ಬಿಡಿಸಿದ. ಹನ್ನೊಂದು ಕಳಚಿದವು. ಮುಂಗೂಡು ಕಾಲು ಊರಿ ಎಳೆಯಿತು. ಹಾರೆ ಬುಡಕ್ಕೆ ಒತ್ತಿ ನಿಂತಿತು. ಮುರಿದ ಸದ್ದು ಅಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ. ಪರದೆಯ ಮೇಲೆ ಮುಂಗೂಡಿನ ಚಿತ್ರ ಒಮ್ಮೆ ಎಗರಿ ಮೇಲಕ್ಕೆ ಸರಿಯಿತು. ಗಾಳಿಯ ಒತ್ತಡ ಇಳಿಯಲಿಲ್ಲ. ಹಿಂಗೂಡಿನ ಕ್ಯಾಮರಾ ಕತ್ತಲಾಯಿತು.

ಅನಸೂಯಾ ಹತ್ತಿದಳು. ಹಗೇವಿನ ಬಾಯಿ ದಾಟಿ ಬಿಸಿಲಿಗೆ ಬಂದು ನಿಂತಳು. ನಿಯಂತ್ರಣ ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಗ, ತೀರ ಸಣ್ಣಗೆ, ಅವನ ದನಿ ಕೇಳಿಸಿತು.

ಬಿರುಕು ಅಂದುಕೊಂಡಷ್ಟು ಆಳ ಇರಲಿಲ್ಲ. ಹಿಂಗೂಡು ಒಡೆದಿತ್ತು, ಅದರೊಳಗೆ ಅವನು ಮೈಗವಸಿನಲ್ಲಿ ಜೀವಂತ ಬಿದ್ದಿದ್ದ. ಕಾಲಿನ ಅರಿವೇ ಇಲ್ಲ, ಚಳಿ ಒಳಗೆ ಬರುತ್ತಿದೆ, ಆದರೂ ಪರವಾಗಿಲ್ಲ, ನೀವು ನಡೆಯಿರಿ ಎನ್ನುತ್ತಿದ್ದ. ಅನಸೂಯಾ ಹಿಂದಿನ ಕ್ಯಾಮರಾ ತಿರುಗಿಸಿದಳು. ಹಿಂಗೂಡು ಬಿದ್ದಾಗ ಅದರಡಿ ಅಮುಕಿಹೋಗಿದ್ದ ಎಳೆಯುವ ಹಗ್ಗ ಬಿಡಿಸಿಕೊಂಡು ಮುಂಗೂಡಿನ ಹಿಂದೆ ಧೂಳಿನಲ್ಲಿ ಎಳೆದಾಡಿಕೊಂಡು ಬಂದಿತ್ತು.

ಅವಳು ಕೇಳಿದ್ದು ಮೊಂತೇರೊ ಅವರನ್ನಲ್ಲ.

"ಅಕ್ಕ, ಮುರಿದಲ್ಲಿ ಕೂದಲಷ್ಟು ಬಿರುಕೈತೆ. ಇಳಿದು ಮತ್ತೆ ಹತ್ತಿದ್ರೆ ತಡೀತೈತಾ? ನೋಡಿ ಹೇಳು."

ಮೇಜಿನ ಮೇಲೆ ಅಂಥದೇ ಬಿರುಕಿನ ಕೆಲವು ಮುಂಗೂಡುಗಳು ಉಳಿದಿದ್ದವು. ಅವ್ವನದೂ ಇತ್ತು. ಕೂದಲು ಒಣಗಿಸುವ ಯಂತ್ರದಿಂದ ಅವುಗಳನ್ನು ಬಿಸಿಲಿನಷ್ಟು ಬೆಚ್ಚಗೆ ಮಾಡಿ, ಚಳಿಗೆ ಇಳಿಸಿ, ಒಬ್ಬ ಮನುಷ್ಯನ ಭಾರ ಎಳೆಯುವಷ್ಟರ ಲೆಕ್ಕಕ್ಕೆ ಹಿಂದಿನಿಂದ ಎಳೆದಳು. ಚಳಿಯಲ್ಲಿ ಬಹಳ ಹೊತ್ತು ಇಟ್ಟವು ಸೀಳಿದವು. ಕೂಡಲೇ ಎಳೆದು ಮೇಲೆತ್ತಿದವುಗಳಲ್ಲಿ ಹೆಚ್ಚಿನವು ತಡೆದವು. ಪ್ಲಾಸ್ಟಿಕ್ಕಿನಲ್ಲಿ ಉಳಿದ ಬಿಸಿ ಅಷ್ಟು ಹೊತ್ತು ಕಾಯುತ್ತಿತ್ತು. ಒಂದು ಮಾತ್ರ, ಕೂಡಲೇ ಎತ್ತಿದರೂ, ಬುಡದಿಂದ ಕಿಟಕಿಯವರೆಗೆ ಬಿಟ್ಟುಕೊಂಡಿತು. ಅವ್ವನದು.

ಕೊಟ್ರೇಶ ತೊಟ್ಟಿ ತುಂಬಲು ಹೊರಗೆ ಹೋಗಿದ್ದ. ಮೊಂತೇರೊ ದೂರದಲ್ಲಿ ಪದ್ಮಾವತಿಯ ಹತ್ತಿರ ನಿಂತಿದ್ದರು. ಮೇಜಿನ ಮೇಲೆ ಏನು ಒಡೆಯಿತು, ಏನು ಉಳಿಯಿತು ಎಂದು ನೋಡಿದವಳು ಅವಳೊಬ್ಬಳೇ. ಬಿರುಕು ತಡೆಯುವುದಿಲ್ಲ, ಬಂದುಬಿಡು ಎಂದರೆ ಅನಸೂಯಾ ಬರುತ್ತಾಳೆ. ಲೋಕದಲ್ಲಿ ಯಾರೂ ಅದು ಸುಳ್ಳೆಂದು ತೋರಿಸಲಾರರು. ಬಾಯಿಯ ತನಕ ಬಂದ ಮಾತನ್ನು ಅವಳು ನುಂಗಿದಳು. ನಿನ್ನೆಯ ಆ ನೆಮ್ಮದಿ ನೆನಪಾಯಿತು.

ಮೈಕಿನ ಮುಂದೆ ಕೂತು, "ಬೇಗ ಹೋಗಿ ಬೇಗ ಬಂದ್ರೆ ಹೆಚ್ಚಿನವು ತಡೆದ್ವು ಅನಸೂಯಾ. ಒಂದು ಸೀಳ್ತು," ಎಂದಳು.

"ಹಂಗಾದ್ರೆ ಹೋಗ್ಲಾ?"

ಮೊಂತೇರೊ ಹತ್ತಿರ ಬಂದಿದ್ದರು. ಇದು ಆಜ್ಞೆ ಕೊಡುವ ವಿಚಾರವಲ್ಲವೆಂದು ಅವರಿಗೂ ಗೊತ್ತಿತ್ತು.

"ಬಿರುಕಿರೋ ಕಡೇನ ಇನ್ನೊಂದಿಷ್ಟು ಹೊತ್ತು ಬಿಸಿಲಿಗೆ ತಿರುಗ್ಸಿ ನಿಲ್ಸು," ಎಂದಳು ಜಯಶೀಲಾ. "ಚೆನ್ನಾಗಿ ಕಾದ್ಮೇಲೆ ಹೋಗು."

ಇಳಿಯುವುದು ಬೇಗ ಆಯಿತು. ಹಗ್ಗದ ಕೊಂಡಿ ಅವನ ಕೈಗೆ ಸಿಗಲು ಹೊತ್ತು ಹಿಡಿಯಿತು. ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಎರಡು ಸಲ ಕೈಜಾರಿತು. ಕೋಣೆಯ ಪರದೆಯ ಮೇಲೆ ಮುಂಗೂಡಿನ ಗೋಡೆಯ ಶಾಖ ಇಳಿಯುತ್ತಿರುವುದನ್ನು ಜಯಶೀಲಾ ಒಂದೇ ಸಮನೆ ನೋಡುತ್ತಿದ್ದಳು. ಮೇಜಿನ ಮೇಲಿನ ಆಟಿಕೆ ಎಷ್ಟು ಶಾಖಕ್ಕೆ ಸೀಳಿತ್ತೆಂದು ಅವಳಿಗೆ ಗೊತ್ತಿತ್ತು. ಅದರ ಹತ್ತಿರ ಬರುತ್ತಿತ್ತು, ಬಂತು, ಅದಕ್ಕಿಂತ ಕೆಳಗೂ ಹೋಯಿತು. ಮೂರನೆಯ ಸಲ ಪುಷ್ಪದಂತ ಕೊಂಡಿಯನ್ನು ಕೈಯಿಂದ ಹಿಡಿಯುವುದನ್ನು ಬಿಟ್ಟು, ತೋಳಿಗೆ ಸುತ್ತಿಕೊಂಡು ಸೊಂಟದ ಪಟ್ಟಿಗೆ ಸಿಕ್ಕಿಸಿದ. ಎಳೀರಿ ಎಂದ.

ಹಗ್ಗ ಬಿಗಿಯಿತು. ಗಾಳಿಯ ಒತ್ತಡ ತೋರಿಸುವ ಅಂಕಿ ಒಮ್ಮೆ ಕೆಳಗೆ ಜಿಗಿಯಿತು. ಬಿರುಕು ಬೆಳೆದಿದೆ ಎಂದಳು ಅನಸೂಯಾ, ಬೆರಳುದ್ದ ಆಗಿದೆ, ಸುಯ್ಯೆನ್ನುತ್ತಿದೆ. ನಿಲ್ಲಿಸಬೇಡ ಎಂದಳು ಜಯಶೀಲಾ. ಪದ್ಮಾವತಿ ಎಲ್ಲಿಂದಲೋ ಬಂದು ಅವಳ ಭುಜವನ್ನು ಹಿಡಿದುಕೊಂಡಿದ್ದಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಎಷ್ಟೋ ದಿನ ಅಲ್ಲಿ ನೀಲಿಗಟ್ಟಿತ್ತು. ಮುಂಗೂಡು ಸೋರುತ್ತಲೇ ಹತ್ತಿತು. ಹಗ್ಗದ ತುದಿಯಲ್ಲಿ ಅವನು ಮೂಟೆಯ ಹಾಗೆ ಧೂಳಿನಲ್ಲಿ ಎಳೆದಾಡಿಕೊಂಡು ಬಂದ. ಬಿಸಿಲಿಗೆ ಬಂದ ಮೇಲೆ ಅನಸೂಯಾ ಅವನನ್ನು ಆ ಜೋಡಿಬಾಗಿಲಿನಿಂದ ಒಳಗೆ ಎಳೆದುಕೊಂಡು, ಬಿರುಕಿನ ಮೇಲೆ ಕಿಟಕಿಗೆ ಹಚ್ಚುವ ಅಂಟುಪಟ್ಟಿಯನ್ನು ಮೂರು ಪದರ ಹಚ್ಚಿದಳು. ಬೆಚ್ಚಗಾದ ಪ್ಲಾಸ್ಟಿಕ್ ಮತ್ತೆ ಸೀಳಲಿಲ್ಲ. ಅಂಕಿ ಇಳಿಯುವುದು ನಿಧಾನವಾಯಿತು. ನೆಲೆಯ ತನಕ ಸಾಕಾಗುವಷ್ಟು ನಿಧಾನವಾಯಿತು.

ನೆಲೆಯ ವೈದ್ಯರು ಅವನ ಎಡಗಾಲನ್ನು ಮೊಳಕಾಲ ಕೆಳಗೆ ತೆಗೆಯಬೇಕಾಯಿತು. ಬಲಗೈಯ ಎರಡು ಬೆರಳುಗಳೂ ಹೋದವು. ಜೀವ ಉಳಿಯಿತು.

ಅದು ಖಚಿತವಾದ ಮೇಲೆಯೇ ಜಯಶೀಲಾ ಮನೆಗೆ ಹೋದದ್ದು. ಇಳಿಹೊತ್ತಾಗಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಆಕಾಶವಾಣಿಯಲ್ಲಿ ಎಲ್ಲ ಕೇಳಿದ್ದಳು. ಇಬ್ಬರೂ ಬಂದರೆಂದು ಅವಳಿಗೆ ಗೊತ್ತಿತ್ತು. ಅನಸೂಯಾ ಮೇಲೆ ಬಂದವಳು ಮತ್ತೆ ಇಳಿದಳೆಂಬುದೂ ಗೊತ್ತಿತ್ತು.

"ಇಳಿ ಅಂತ ನೀನು ಹೇಳ್ದ್ಯಾ?"

"ಹೂಂ ಅವ್ವ."

"ಅವಳು ಬರ್ದೇ ಹೋಗಿದ್ರೆ?"

ಜಯಶೀಲಾ ಚಪ್ಪಲಿ ಬಿಡುತ್ತ ನಿಂತಳು.

"ಸಾಯೋವರ್ಗೂ ನಿನ್ನ ಮುಖ ನೋಡ್ತಿರ್ಲಿಲ್ಲ ನಾನು," ಎಂದಳು ಅವ್ವ.

ಆಮೇಲೆ ಒಳಗೆ ಹೋಗಿ, ಒಲೆ ಹಚ್ಚಿ, ಎರಡು ತಟ್ಟೆ ಹಾಕಿದಳು.